ಅಡ್ಡಗೋಡೆ ಮೇಲಿನ ದೀಪ: ಡಂಜನ್ ಮಾಸ್ಟರ್ ಫ್ಲಾಪಿಯ ನಕಲು ಯಾಕೆ ಆಗುತ್ತಿರಲಿಲ್ಲ?

ಮೂರೂವರೆ ಇಂಚಿನ ಒಂದು ಫ್ಲಾಪಿ. ಅದರ ಮೊದಲ ಟ್ರ್ಯಾಕಿನ ಏಳನೇ ಸೆಕ್ಟರಿನಲ್ಲಿರುವ ಒಂದು ಬೈಟ್, ಅಂದರೆ ಎಂಟು ಸೊನ್ನೆ-ಒಂದುಗಳ ಒಂದು ಸಂಖ್ಯೆ, ಓದುತ್ತೀರಿ. 104 ಬರುತ್ತದೆ. ಫ್ಲಾಪಿಯನ್ನು ಮುಟ್ಟದೆ, ಏನೂ ಬದಲಿಸದೆ, ಅದೇ ಬೈಟನ್ನು ಮತ್ತೊಮ್ಮೆ ಓದುತ್ತೀರಿ. ಈಗ 232 ಬರುತ್ತದೆ. ಇನ್ನೊಮ್ಮೆ ಓದಿದರೆ ಎರಡರಲ್ಲಿ ಯಾವುದು ಬೇಕಾದರೂ ಬರಬಹುದು. ಫ್ಲಾಪಿ ಕೆಟ್ಟಿಲ್ಲ, ಡ್ರೈವೂ ಕೆಟ್ಟಿಲ್ಲ. ಯಾರೋ ಕೂತು, ಯೋಚನೆ ಮಾಡಿ, ಬೇಕಂತಲೇ ಆ ಬೈಟನ್ನು ಹಾಗೆ ಬರೆದಿದ್ದಾರೆ.

ಆ ಫ್ಲಾಪಿಯಲ್ಲಿರುವುದು 'ಡಂಜನ್ ಮಾಸ್ಟರ್' ಎಂಬ ಆಟ. 1987ರ ಡಿಸೆಂಬರಿನಲ್ಲಿ ಅಟಾರಿ ಎಸ್‌ಟಿ ಕಂಪ್ಯೂಟರಿಗೆಂದು ಬಂತು. ಆ ಕಾಲದಲ್ಲಿ ಹೆಚ್ಚಿನ ಆಟಗಳ ಬೀಗ, ಅಂದರೆ ನಕಲು ತಡೆಯಲು ಹಾಕಿದ ಉಪಾಯ, ಅಂಗಡಿಗೆ ಬಂದ ಕೆಲವೇ ದಿನಗಳಲ್ಲಿ ಮುರಿದುಬೀಳುತ್ತಿತ್ತು. ಇದರದ್ದು ಒಂದು ವರ್ಷಕ್ಕಿಂತ ಜಾಸ್ತಿ ನಿಂತಿತು. ಹೊಟ್ಟೆಪಾಡಿಗೆ ಪ್ರೋಗ್ರಾಂ ಬರೆಯುವ ನನಗೆ ಈ ಪ್ರಕರಣದ ಬಗ್ಗೆ ಓದಿದಷ್ಟೂ ಗೌರವ ಹೆಚ್ಚಾಗಿದೆ. ಇದು ಬರೀ ಚಾಲಾಕಿತನದ ಕಥೆಯಲ್ಲ. ದುಡ್ಡು ಕೊಟ್ಟು ಕೊಂಡವರಿಗೆ ತೊಂದರೆ ಕೊಡದೆ ಕದಿಯುವವರನ್ನು ತಡೆಯಬಹುದಾ ಅನ್ನುವ ಪ್ರಶ್ನೆಗೆ ಒಂದು ಚಿಕ್ಕ ಕಂಪನಿ ಕೊಟ್ಟ ಉತ್ತರದ ಕಥೆ.

ಆಗಿನ ಪರಿಸ್ಥಿತಿ

ಕಂಪನಿಯ ಹೆಸರು ಎಫ್‌ಟಿಎಲ್. 'ಬೆಳಕಿಗಿಂತ ವೇಗ' ಎಂಬ ಅರ್ಥ ಬರುವ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಅಮೆರಿಕದ ಸ್ಯಾನ್ ಡಿಯಾಗೋ ಊರಿನಲ್ಲಿ ವೇಯ್ನ್ ಹೋಲ್ಡರ್ ನಡೆಸುತ್ತಿದ್ದ ಸಾಫ್ಟ್‌ವೇರ್ ಹೆವೆನ್ ಎಂಬ ಸಂಸ್ಥೆಯ ಆಟಗಳ ವಿಭಾಗ ಅದು. 1984ರಲ್ಲಿ ಆಪಲ್ 2 ಕಂಪ್ಯೂಟರಿಗೆ 'ಸನ್‌ಡಾಗ್' ಎಂಬ ಆಟ ಮಾಡಿ ಹೆಸರು ಗಳಿಸಿತ್ತು. ಡಗ್ ಬೆಲ್ ಮತ್ತು ಆಂಡಿ ಜಾರೋಸ್ ಎಂಬ ಇಬ್ಬರು 'ಕ್ರಿಸ್ಟಲ್ ಡ್ರ್ಯಾಗನ್' ಎಂಬ ಅರ್ಧಕ್ಕೆ ನಿಂತ ಆಟದ ಕಲ್ಪನೆ ಹಿಡಿದುಕೊಂಡು ಇವರ ಜೊತೆ ಸೇರಿದರು. ವರ್ಷಗಳ ಕೆಲಸದ ನಂತರ ಅದೇ ಡಂಜನ್ ಮಾಸ್ಟರ್ ಆಯಿತು.

ಆಟದ ಬಗ್ಗೆ ಎರಡು ಮಾತು ಹೇಳಲೇಬೇಕು. ನೆಲದಡಿಯ ಕತ್ತಲೆ ಸುರಂಗ, 14 ಅಂತಸ್ತು. ಗೋಡೆಯ ಮೇಲಿನ ಕನ್ನಡಿಗಳಲ್ಲಿ ಸೆರೆಯಾಗಿರುವ 24 ವೀರರು. ಅವರಲ್ಲಿ ನಾಲ್ವರನ್ನು ಆರಿಸಿಕೊಂಡು ಕೆಳಗಿಳಿಯಬೇಕು. ಅಲ್ಲಿಯವರೆಗೆ ಇಂಥ ಹೆಚ್ಚಿನ ಆಟಗಳಲ್ಲಿ ನೀವು ಒಂದು ಹೆಜ್ಜೆ, ಆಮೇಲೆ ರಾಕ್ಷಸ ಒಂದು ಹೆಜ್ಜೆ, ಹೀಗೆ ಸರದಿ ಇರುತ್ತಿತ್ತು. ಇಲ್ಲಿ ಸರದಿ ಇಲ್ಲ. ನೀವು ಸುಮ್ಮನೆ ನಿಂತರೂ ರಾಕ್ಷಸ ಬರುತ್ತಾನೆ. ಪಂಜು ಉರಿದು ಮುಗಿಯುತ್ತದೆ, ಹೊಟ್ಟೆ ಹಸಿಯುತ್ತದೆ. ಗಂಟೆಗಟ್ಟಲೆ ಆಡಬೇಕಾದ ಆಟ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಟಾರಿ ಎಸ್‌ಟಿ ಬಂದದ್ದು 1985ರಲ್ಲಿ. ಆಟಗಳು ಬರುತ್ತಿದ್ದುದು ಫ್ಲಾಪಿಯಲ್ಲಿ. ಖಾಲಿ ಫ್ಲಾಪಿ ಇದ್ದರೆ ಎರಡು-ಮೂರು ನಿಮಿಷದಲ್ಲಿ ಗೆಳೆಯನ ಆಟ ನಿಮ್ಮದಾಗುತ್ತಿತ್ತು. ಶಾಲೆಗಳಲ್ಲಿ, ಕಂಪ್ಯೂಟರ್ ಕ್ಲಬ್ಬುಗಳಲ್ಲಿ ಇದು ದಿನನಿತ್ಯದ ಮಾತಾಗಿತ್ತು. ಬೀಗ ಮುರಿಯುವ ಹುಡುಗರ ಗುಂಪುಗಳೇ ಇದ್ದವು. ಅವರಿಗೆ ದುಡ್ಡಿಗಿಂತ ಹೆಸರು ಮುಖ್ಯ. ಯಾರು ಮೊದಲು ಮುರಿದರು ಅನ್ನುವುದೇ ಪೈಪೋಟಿ.

ಇದಕ್ಕೆ ಬೇರೆಯವರು ಏನು ಮಾಡುತ್ತಿದ್ದರು? 1984ರ ಬ್ರಿಟನ್ನಿನ ಆಟ 'ಜೆಟ್ ಸೆಟ್ ವಿಲ್ಲಿ' ಕ್ಯಾಸೆಟ್ಟಿನ ಜೊತೆ ಬಣ್ಣದ ಚೌಕಗಳ ಒಂದು ಕಾರ್ಡ್ ಇಟ್ಟಿತ್ತು. ಆಟ ಶುರುವಾಗುವ ಮೊದಲು ಕಾರ್ಡಿನ ಇಂಥ ಮನೆಯಲ್ಲಿರುವ ಬಣ್ಣಗಳು ಯಾವುವು ಎಂದು ಕೇಳುತ್ತಿತ್ತು. ಬಣ್ಣದ ಜೆರಾಕ್ಸ್ ಆಗ ಸುಲಭವಾಗಿ ಸಿಗುತ್ತಿರಲಿಲ್ಲ, ಹಾಗಾಗಿ ಈ ಉಪಾಯ. ಆದರೆ ಬಣ್ಣ ಗುರುತಿಸಲು ಕಷ್ಟವಿರುವವರು ಏನು ಮಾಡಬೇಕು? ಮರುವರ್ಷ ಸ್ಪೆಕ್ಟ್ರಮ್ ಕಂಪ್ಯೂಟರಿಗೆ ಬಂದ 'ಎಲೀಟ್' ಆಟದ ಜೊತೆ 'ಲೆನ್ಸ್‌ಲಾಕ್' ಎಂಬ ಪ್ಲಾಸ್ಟಿಕ್ ಪಟ್ಟಕಗಳ ಸಾಧನ ಬಂತು. ಎರಡು ಅಕ್ಷರಗಳನ್ನು ಉದ್ದುದ್ದಕ್ಕೆ ಸೀಳಿ, ಚೂರುಗಳನ್ನು ಹಿಂದುಮುಂದು ಮಾಡಿ ಟಿವಿ ಮೇಲೆ ತೋರಿಸುತ್ತಿದ್ದರು. ಆ ಸಾಧನವನ್ನು ಪರದೆಯ ಮುಂದೆ ಹಿಡಿದು ನೋಡಿದರೆ ಚೂರುಗಳು ಕೂಡಿ ಅಕ್ಷರ ಕಾಣಬೇಕು. ಟಿವಿ ತೀರಾ ದೊಡ್ಡದಿದ್ದರೆ ಕಾಣುತ್ತಿರಲಿಲ್ಲ. ತೀರಾ ಚಿಕ್ಕದಿದ್ದರೂ ಕಾಣುತ್ತಿರಲಿಲ್ಲ. ಕೆಲವು ಪೆಟ್ಟಿಗೆಗಳಲ್ಲಂತೂ ಬೇರೆ ಆಟದ ಸಾಧನ ಹಾಕಿ ಕಳಿಸಿಬಿಟ್ಟಿದ್ದರು! ನ್ಯಾಯವಾಗಿ ದುಡ್ಡು ಕೊಟ್ಟ ಹುಡುಗ ಟಿವಿ ಮುಂದೆ ಒಂದು ಕಣ್ಣು ಮುಚ್ಚಿಕೊಂಡು ಒದ್ದಾಡುತ್ತಿದ್ದ. ಬೀಗ ಮುರಿದ ನಕಲು ಪಡೆದವನು ಆರಾಮಾಗಿ ಆಡುತ್ತಿದ್ದ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಕಳ್ಳನಿಗೆ ಹಾಕಿದ ಬೇಲಿಯ ಮುಳ್ಳು ಮನೆಯವರಿಗೇ ಚುಚ್ಚಿದರೆ ಹೇಗೆ?

ಎಫ್‌ಟಿಎಲ್ ಕೈಪಿಡಿಯ ಪುಟ ಕೇಳಲಿಲ್ಲ, ಕಾರ್ಡ್ ಕೊಡಲಿಲ್ಲ, ಕಣ್ಣಿಗೆ ಏನೂ ಹಿಡಿಸಲಿಲ್ಲ. ಅಸಲಿ ಫ್ಲಾಪಿಯನ್ನು ಡ್ರೈವಿಗೆ ಹಾಕಿ, ಆಡಿ. ಅಷ್ಟೇ. ಬೀಗವೆಲ್ಲಾ ಫ್ಲಾಪಿಯ ಒಳಗೇ ಇತ್ತು.

ಮೊದಲ ಬೀಗ: 247

ಫ್ಲಾಪಿಯನ್ನು ವೃತ್ತಾಕಾರದ ಟ್ರ್ಯಾಕುಗಳಾಗಿ, ಪ್ರತಿ ಟ್ರ್ಯಾಕನ್ನು ಸೆಕ್ಟರುಗಳಾಗಿ ಹಂಚುತ್ತಾರೆ. ಎಸ್‌ಟಿಯಲ್ಲಿ ಸಾಮಾನ್ಯವಾಗಿ ಒಂದು ಟ್ರ್ಯಾಕಿಗೆ 9 ಸೆಕ್ಟರ್, ಒಂದೊಂದರಲ್ಲಿ 512 ಬೈಟ್. ಪ್ರತಿ ಸೆಕ್ಟರಿನ ತಲೆಯ ಮೇಲೆ ಅದರ ನಂಬರ್ ಬರೆದಿರುತ್ತದೆ. 1, 2, 3 ಹೀಗೆ. ಡಂಜನ್ ಮಾಸ್ಟರಿನ ಮೊದಲ ಟ್ರ್ಯಾಕಿನಲ್ಲಿ ಒಂದು ಸೆಕ್ಟರಿನ ನಂಬರ್ 247.

ಯಾಕೆ 247? ಯಾವುದೋ ಒಂದು ದೊಡ್ಡ ಸಂಖ್ಯೆ ಅಂತ ಹಾಕಿದ್ದಲ್ಲ. ಎಸ್‌ಟಿಯಲ್ಲಿ ಫ್ಲಾಪಿಯನ್ನು ನಡೆಸುವ ಚಿಪ್ಪಿನ ಹೆಸರು ಡಬ್ಲ್ಯೂಡಿ1772. ಫ್ಲಾಪಿ ಫಾರ್ಮ್ಯಾಟ್ ಮಾಡುವಾಗ ಟ್ರ್ಯಾಕಿನ ಮೇಲೆ ಏನೇನು ಬರೆಯಬೇಕು ಎಂದು ಒಂದೊಂದೇ ಬೈಟ್ ಆಗಿ ಈ ಚಿಪ್ಪಿಗೆ ಕೊಡಬೇಕು. ಕೆಲವು ಬೈಟುಗಳನ್ನು ಅದು ಬರೆಯುವುದಿಲ್ಲ, ಆಜ್ಞೆ ಎಂದು ತಿಳಿದುಕೊಳ್ಳುತ್ತದೆ. 247 ಅಂಥದ್ದು. ಅದು ಕಂಡ ತಕ್ಷಣ ಚಿಪ್ಪು 247 ಬರೆಯುವ ಬದಲು, ಇಲ್ಲಿಯವರೆಗೆ ಬರೆದದ್ದರ ತಾಳೆ ಲೆಕ್ಕ ಹಾಕಿ ಆ ಎರಡು ಬೈಟುಗಳನ್ನು ಬರೆಯುತ್ತದೆ. ಅಂದರೆ ಈ ಕಂಪ್ಯೂಟರಿಗೆ 247ನೇ ನಂಬರಿನ ಸೆಕ್ಟರನ್ನು ಓದಲು ಬರುತ್ತದೆ, ಸೃಷ್ಟಿಸಲು ಬರುವುದಿಲ್ಲ. ಎಷ್ಟು ಬುದ್ಧಿವಂತ ಪ್ರೋಗ್ರಾಂ ಬರೆದರೂ ಆಗುವುದಿಲ್ಲ, ಯಾಕೆಂದರೆ ಅಡ್ಡಿ ಇರುವುದು ಸಿಲಿಕಾನಿನಲ್ಲೇ.

ಚಂದದ ಉಪಾಯ, ಅಲ್ವಾ? ಆದರೆ ಇದನ್ನೊಂದನ್ನೇ ನಂಬಿಕೊಂಡಿದ್ದರೆ ಸಾಲುತ್ತಿರಲಿಲ್ಲ. ಐಬಿಎಂ ಪಿಸಿಯ ಫ್ಲಾಪಿ ಚಿಪ್ಪಿಗೆ 247 ಬರೆಯಲು ಯಾವ ತೊಂದರೆಯೂ ಇಲ್ಲ. ಅಮೀಗಾ ಕಂಪ್ಯೂಟರ್ ತನ್ನ ಟ್ರ್ಯಾಕಿನ ಮೇಲೆ ಏನು ಬೇಕಾದರೂ ಬರೆದುಕೊಳ್ಳುತ್ತದೆ. ಪಕ್ಕದಲ್ಲಿ ಬೇರೆ ಕಂಪ್ಯೂಟರ್ ಇರುವ ಹುಡುಗ ಈ ಬೀಗವನ್ನು ದಾಟುತ್ತಿದ್ದ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವವರ ಜೊತೆಗಿನ ಆಟ ಇದು. ಹಾಗಾಗಿ ಎರಡನೇ ಬೀಗ ಬೇಕಿತ್ತು.

ಎರಡನೇ ಬೀಗ: 104 ಅಥವಾ 232

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಈ ಪ್ರಕರಣದ ಜೀವ ಇರುವುದು ಇಲ್ಲೇ.

ಫ್ಲಾಪಿಯ ಮೇಲೆ ಸೊನ್ನೆ-ಒಂದುಗಳು ಬರೆದಿರುವುದಿಲ್ಲ. ಅಲ್ಲಿ ಇರುವುದು ಕಾಂತೀಯ ಲೇಪ. ಅದರ ದಿಕ್ಕು ಅಲ್ಲಲ್ಲಿ ತಿರುಗುತ್ತದೆ. ಫ್ಲಾಪಿ ಸೆಕೆಂಡಿಗೆ 5 ಸುತ್ತು ತಿರುಗುವಾಗ, ತಿರುವು ಬಂದಾಗಲೆಲ್ಲಾ ಅದನ್ನು ಓದುವ ಡ್ರೈವಿನ ಹೆಡ್ಡಿಗೆ ಒಂದು ಮಿಡಿತ ಸಿಗುತ್ತದೆ. ಎರಡು ಮಿಡಿತಗಳ ನಡುವೆ ಎಷ್ಟು ಹೊತ್ತು ಅನ್ನುವುದೇ ಮಾಹಿತಿ. ಎಸ್‌ಟಿಯ ಫ್ಲಾಪಿಯಲ್ಲಿ ಈ ಅಂತರ ಮೂರೇ ಬಗೆ: 4, 6 ಅಥವಾ 8 ಮೈಕ್ರೋಸೆಕೆಂಡ್. ತಾಳ ಹಾಕುವವರು ಬೆರಳೆಣಿಸಿ ಮಾತ್ರೆ ಲೆಕ್ಕ ಇಡುವ ಹಾಗೆ, ಚಿಪ್ಪು ಈ ಅಂತರ ಅಳೆದು, ಹತ್ತಿರದ ಲೆಕ್ಕಕ್ಕೆ ಹೊಂದಿಸಿಕೊಂಡು ಸೊನ್ನೆ-ಒಂದು ಮಾಡಿಕೊಳ್ಳುತ್ತದೆ. ಮೋಟಾರಿನ ವೇಗ ಒಂಚೂರು ಹೆಚ್ಚುಕಡಿಮೆಯಾಗಿ 4.2 ಬಂದರೂ ಅದನ್ನು 4 ಎಂದೇ ಓದುತ್ತದೆ. ಈ ಔದಾರ್ಯ ಇಲ್ಲದಿದ್ದರೆ ಒಬ್ಬರ ಡ್ರೈವಿನಲ್ಲಿ ಬರೆದದ್ದು ಇನ್ನೊಬ್ಬರ ಡ್ರೈವಿನಲ್ಲಿ ಓದಲು ಬರುತ್ತಲೇ ಇರಲಿಲ್ಲ. ನನ್ನ ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿನಲ್ಲಿ ಸರಿಯಾಗಿ ಓದುವ ಫ್ಲಾಪಿ ಪಕ್ಕದ ಕಂಪ್ಯೂಟರಿನಲ್ಲಿ ಮುಷ್ಕರ ಹೂಡುತ್ತಿತ್ತು. ಆಗ ಬೈದುಕೊಂಡಿದ್ದೆ. ಡ್ರೈವುಗಳ ನಡುವೆ ಇರುವ ಈ ಸಣ್ಣ ವ್ಯತ್ಯಾಸ ಏನೆಂದು ಅರ್ಥವಾದದ್ದು ಬಹಳ ವರ್ಷಗಳ ಮೇಲೆ, ಡಂಜನ್ ಮಾಸ್ಟರ್ ಬಗ್ಗೆ ಓದುವಾಗ.

ಈಗ ಯೋಚಿಸಿ. ಒಂದು ತಿರುವನ್ನು 4ಕ್ಕೂ ಅಲ್ಲ, 6ಕ್ಕೂ ಅಲ್ಲ, ಸರಿಯಾಗಿ ನಡುಮಧ್ಯೆ, 5ರ ಹತ್ತಿರ ಇಟ್ಟರೆ ಚಿಪ್ಪು ಏನು ಮಾಡಬೇಕು? ಅದಕ್ಕೆ 'ಗೊತ್ತಿಲ್ಲ' ಎಂದು ಹೇಳಲು ಬರುವುದಿಲ್ಲ. ಏನಾದರೂ ಒಂದು ಹೇಳಲೇಬೇಕು. ಮೋಟಾರು ಆ ಕ್ಷಣ ಒಂದು ಕೂದಲೆಳೆಯಷ್ಟು ಬೇಗ ತಿರುಗಿದ್ದರೆ ಒಂದು ಉತ್ತರ, ನಿಧಾನವಾಗಿದ್ದರೆ ಇನ್ನೊಂದು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಅಂತೀವಲ್ಲ, ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು. ಇಂಥ ಬಿಟ್ಟುಗಳಿಗೆ 'ಫಜ್ಜಿ ಬಿಟ್' ಎಂದು ಹೆಸರು. ಏಳನೇ ಸೆಕ್ಟರಿನ ಬೈಟುಗಳಲ್ಲಿ ಅವರು ಇದನ್ನೇ ಮಾಡಿದ್ದರು. 01101000 ಅಂದರೆ 104. ಮೊದಲ ಸೊನ್ನೆ ಒಂದಾದರೆ 11101000, ಅಂದರೆ 232. ಉಳಿದ ಏಳು ಬಿಟ್ಟು ಗಟ್ಟಿ. ಎಡತುದಿಯ ಒಂದೇ ಒಂದು ಬಿಟ್ಟು ಗೋಡೆಯ ಮೇಲೆ.

ಆಟ ಪರೀಕ್ಷಿಸುವ ರೀತಿ ಸರಳ. ಆ ಸೆಕ್ಟರನ್ನು ಹಲವು ಸಲ ಓದುತ್ತದೆ. ಪ್ರತಿ ಸಲ ಒಂದೇ ಉತ್ತರ ಬಂದರೆ ಫ್ಲಾಪಿ ನಕಲಿ. ಉತ್ತರ ಬದಲಾಗುತ್ತಿದ್ದರೆ ಅಸಲಿ.

ಉಲ್ಟಾ ಅನ್ನಿಸುತ್ತದಲ್ಲವಾ? ಉಳಿದ ಕಡೆ ಒಂದೇ ಉತ್ತರ ಬಂದರೆ ಸಂತೋಷ. ಇಲ್ಲಿ ತಡವರಿಸಿದರೇ ಸಂತೋಷ. ನಕಲು ಮಾಡುವ ಪ್ರೋಗ್ರಾಂ ಏನು ಮಾಡುತ್ತದೆ ನೋಡಿ. ಅಸಲಿ ಫ್ಲಾಪಿ ಓದುತ್ತದೆ. ಈ ಬೈಟಿಗೆ ಆ ಸಲ 104 ಬಂತು, ಪಕ್ಕದ್ದಕ್ಕೆ 232 ಬಂತು ಅಂದುಕೊಳ್ಳಿ. ಹೊಸ ಫ್ಲಾಪಿಯಲ್ಲಿ ಅದನ್ನೇ ನೀಟಾಗಿ, ತಪ್ಪಿಲ್ಲದೆ, ಸರಿಯಾದ ಅಂತರದಲ್ಲಿ ಬರೆಯುತ್ತದೆ. ಇನ್ನು ಮೇಲೆ ಆ ಬೈಟು ಎಂದೆಂದಿಗೂ 104. ಎಸ್‌ಟಿಯ ಚಿಪ್ಪಿಗೆ 5 ಮೈಕ್ರೋಸೆಕೆಂಡಿಗೆ ತಿರುವು ಬರೆಯುವುದು ಗೊತ್ತೇ ಇಲ್ಲ. ಪಿಸಿಯದ್ದಕ್ಕೂ ಗೊತ್ತಿಲ್ಲ. ಅವು ಬರೆಯುವುದು ಗೆರೆ ಹಾಕಿದ ಜಾಗದಲ್ಲಿ ಮಾತ್ರ.

ಹಳೆಯ ಗುಮಾಸ್ತೆಯೊಬ್ಬ ಲೆಕ್ಕದ ಪುಸ್ತಕ ನಕಲು ಮಾಡುವಾಗ ಹಾಳೆಯಲ್ಲಿ ಸತ್ತು ಅಂಟಿಕೊಂಡಿದ್ದ ನೊಣವನ್ನೂ ಬಿಡದೆ, ತಾನೂ ಒಂದು ನೊಣ ತಂದು ಅಂಟಿಸಿದನಂತೆ. ಮಕ್ಕೀಕಾಮಕ್ಕಿ ಎಂಬ ಮಾತು ಬಂದದ್ದೇ ಹಾಗೆ ಅನ್ನುತ್ತಾರೆ. ಡಂಜನ್ ಮಾಸ್ಟರಿಗೆ ಬೇಕಾಗಿದ್ದುದು ಆ ನೊಣ. ಕಂಪ್ಯೂಟರುಗಳು ನೊಣ ಬಿಟ್ಟು ಅಕ್ಷರ ಮಾತ್ರ ನಕಲು ಮಾಡುತ್ತಿದ್ದವು. ನಕಲು ಸಿಕ್ಕಿಬೀಳುತ್ತಿದ್ದುದು ಅದು ಕೆಟ್ಟದಾಗಿದ್ದುದಕ್ಕಲ್ಲ, ತೀರಾ ಚೊಕ್ಕವಾಗಿದ್ದುದಕ್ಕೆ.

ಇಂಥ ಫ್ಲಾಪಿ ಬರೆಯಲು ವಿಶೇಷ ಯಂತ್ರವೇ ಬೇಕಿತ್ತು. ಆ ವಿಧಾನಕ್ಕೆ ಪೇಟೆಂಟ್ ಕೂಡ ಇತ್ತು.

ಬಾಗಿಲು ಒಂದಲ್ಲ

ಫ್ಲಾಪಿ ನಕಲು ಮಾಡಲಾಗದಿದ್ದರೆ ಏನಂತೆ, ಪ್ರೋಗ್ರಾಮನ್ನೇ ತಿದ್ದಬಹುದಲ್ಲ? ಬೀಗ ಮುರಿಯುವವರ ದಾರಿ ಅದೇ. ಎಷ್ಟೇ ಕಷ್ಟದ ಪರೀಕ್ಷೆ ಇಡಿ, ಕೊನೆಗೆ ಪ್ರೋಗ್ರಾಮಿನಲ್ಲಿ ಎಲ್ಲೋ ಒಂದು ಕಡೆ 'ಅಸಲಿಯಾದರೆ ಹೀಗೆ ಹೋಗು, ನಕಲಿಯಾದರೆ ಹಾಗೆ ಹೋಗು' ಎಂಬ ಕವಲು ಇರಲೇಬೇಕು. ಆ ಕವಲು ಹುಡುಕಿ, ಎರಡೂ ಕಡೆ ಒಂದೇ ದಾರಿ ಮಾಡಿಬಿಟ್ಟರೆ ಮುಗಿಯಿತು. ಬೇರೆ ಎಷ್ಟೋ ಆಟಗಳಲ್ಲಿ ಕವಲು ಒಂದೇ ಇರುತ್ತಿತ್ತು, ಅದೂ ಆಟ ಶುರುವಾಗುವ ಜಾಗದಲ್ಲೇ. ಮನೆ ತುಂಬ ಬಂಗಾರ, ಬಾಗಿಲಿಗೆ ಒಂದೇ ಚಿಲಕ.

ಡಂಜನ್ ಮಾಸ್ಟರ್ ಮಾಡಿದವರು ಪರೀಕ್ಷೆಗಳನ್ನು ಆಟದ ತುಂಬಾ ಹರಡಿದರು. ಶುರುವಿನಲ್ಲಿ ಒಂದು ಸಲ ನೋಡಿ ಬಿಡಲಿಲ್ಲ, ಆಡುತ್ತಿರುವಾಗಲೂ ಫ್ಲಾಪಿಯನ್ನು ನೋಡುತ್ತಿದ್ದರು. ತಪ್ಪು ಕಂಡ ತಕ್ಷಣ ಕಿರುಚುತ್ತಲೂ ಇರಲಿಲ್ಲ. ನಕಲು ಮೊದಲಿಗೆ ಸರಿಯಾಗಿಯೇ ಕೆಲಸ ಮಾಡುತ್ತಿದೆ ಅನ್ನಿಸುತ್ತಿತ್ತು. ಮುರಿದವನು ಖುಷಿಯಿಂದ ಹಂಚುತ್ತಿದ್ದ. ಸ್ವಲ್ಪ ಹೊತ್ತು ಆಡಿದ ಮೇಲೆ ಎಲ್ಲೋ ಕತ್ತಲೆಯ ತಿರುವಿನಲ್ಲಿ ಆಟ ಕೈಕೊಡುತ್ತಿತ್ತು.

ಗಂಟೆಗಟ್ಟಲೆ ಆಡಬೇಕಾದ ಆಟ ಅಂದಿದ್ದೆನಲ್ಲ, ಅದು ಇಲ್ಲಿ ಬೀಗದ ಭಾಗವೇ ಆಗಿಬಿಟ್ಟಿತು. ಸಾಮಾನ್ಯ ಆಟದಲ್ಲಿ ಬೀಗ ಮುರಿದಿದೆಯಾ ಎಂದು ನೋಡಲು ಐದು ನಿಮಿಷ ಸಾಕು. ಇಲ್ಲಿ ನೋಡಬೇಕಾದರೆ 14 ಅಂತಸ್ತು ಇಳಿಯಬೇಕು. ಎಲ್ಲಾ ಪರೀಕ್ಷೆ ತೆಗೆದೆನಾ, ಇನ್ನೊಂದು ಉಳಿದಿದೆಯಾ ಎಂದು ತಿಳಿಯುವ ದಾರಿ ಆಡುವುದೊಂದೇ. ಎಡವಿದರೆ ಮತ್ತೆ ಮೊದಲಿನಿಂದ. ವಾರಾಂತ್ಯದಲ್ಲಿ ನಾಲ್ಕು ಆಟ ಮುರಿದು ಹೆಸರು ಮಾಡುವ ಹುಡುಗನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಒಂದು ವರ್ಷಕ್ಕಿಂತ ಜಾಸ್ತಿ ನಿಂತದ್ದಕ್ಕೆ ಫಜ್ಜಿ ಬಿಟ್ಟುಗಳಷ್ಟೇ ಈ ಹರಡುವಿಕೆಯೂ ಕಾರಣ ಎಂದು ನನ್ನ ಅಭಿಪ್ರಾಯ.

ಫಲ

ಆಟ ಅಟಾರಿ ಎಸ್‌ಟಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾಯಿತು. ಒಂದು ಹಂತದಲ್ಲಿ ಎಸ್‌ಟಿ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇದನ್ನು ಕೊಂಡಿದ್ದರು ಎಂದು ಡಗ್ ಬೆಲ್ ಅಂದಾಜು ಮಾಡಿದ್ದಾರೆ. ಕದಿಯುವವರು ಹೇಗೂ ಕೊಳ್ಳುವವರಲ್ಲ, ಹಾಗಾಗಿ ನಷ್ಟವೇನಿಲ್ಲ ಎಂಬ ವಾದ ಆಗಲೂ ಇತ್ತು, ಈಗಲೂ ಇದೆ. ಕದಿಯಲು ಆಗದೇ ಹೋದಾಗ ಅವರೂ ಕೊಂಡರು ಎಂದು ಬೆಲ್ ಈ ಆಟವನ್ನೇ ಉದಾಹರಣೆ ಕೊಟ್ಟು ಹೇಳಿದ್ದಾರೆ.

ನಾನು ಅವರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಪೂರ್ತಿ ಗೆಲುವನ್ನು ಬೀಗದ ತಲೆಗೇ ಕಟ್ಟುವುದು ತಪ್ಪಾಗುತ್ತದೆ. ಆಟ ಅಷ್ಟು ಚೆನ್ನಾಗಿತ್ತು. ಸಪ್ಪೆ ಆಟಕ್ಕೆ ಇದೇ ಬೀಗ ಹಾಕಿದ್ದರೆ ಜನ ಬೇರೆ ಆಟದ ಕಡೆ ಹೋಗುತ್ತಿದ್ದರು, ಅಷ್ಟೇ. ಕಾಯಬೇಕಾದ ವಸ್ತು ಒಳಗಿತ್ತು, ಬೀಗ ಹೊರಗಿತ್ತು, ಎರಡೂ ಒಂದಕ್ಕೊಂದು ತಕ್ಕ ಹಾಗಿದ್ದವು.

ಕೊಂಡವರು ಕಳೆದುಕೊಂಡದ್ದು ಒಂದಿದೆ. ತಮ್ಮ ಫ್ಲಾಪಿಗೆ ಒಂದು ಪ್ರತಿ ಮಾಡಿಟ್ಟುಕೊಳ್ಳುವ ಅವಕಾಶ. ಅರ್ಧಕ್ಕೆ ನಿಲ್ಲಿಸಿದ ಆಟ ಬೇರೆ ಫ್ಲಾಪಿಗೆ ಹೋಗುತ್ತಿತ್ತು, ಅದಕ್ಕೆ ಅಡ್ಡಿ ಇರಲಿಲ್ಲ. ಆದರೆ ಮೂಲ ಫ್ಲಾಪಿಯನ್ನು ನಾಯಿ ಕಚ್ಚಿದರೆ, ಬಿಸಿಲಿಗೆ ಬಿಟ್ಟರೆ, ಅಲ್ಲಿಗೆ ಮುಗಿಯಿತು. ಆಗ ಇದು ಸಣ್ಣ ಮಾತಾಗಿ ಕಂಡಿರಬಹುದು. ಎಫ್‌ಟಿಎಲ್ 1996ರಲ್ಲಿ ಬಾಗಿಲು ಹಾಕಿತು. ಫ್ಲಾಪಿಯ ಕಾಂತೀಯ ಲೇಪಕ್ಕೆ ಆಯಸ್ಸು ಇದೆ. ಈಗ ಅದು ದೊಡ್ಡ ಮಾತು.

ನೊಣವನ್ನೂ ಉಳಿಸುವುದು

ಹಳೆಯ ಫ್ಲಾಪಿಗಳನ್ನು ಕಾಪಾಡುವವರು ಮೊದಮೊದಲು ಸೆಕ್ಟರುಗಳನ್ನು ಓದಿ ಒಂದು ಫೈಲಿಗೆ ಇಳಿಸಿಕೊಳ್ಳುತ್ತಿದ್ದರು. ಉಳಿದ ಎಷ್ಟೋ ಆಟಗಳಿಗೆ ಅದು ಸಾಕು. ಡಂಜನ್ ಮಾಸ್ಟರಿಗೆ ಸಾಲದು. ಆ ಫೈಲಿನಲ್ಲಿ ಒಂದು ಬೈಟಿಗೆ ಒಂದೇ ಬೆಲೆ. ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಕಂಪ್ಯೂಟರಿನ ಹಾಗೆ ನಟಿಸುವ ಪ್ರೋಗ್ರಾಮಿನಲ್ಲಿ, ಹಾಕಿದರೆ ಆಟ ಅದನ್ನು ನಕಲಿ ಎಂದೇ ಗುರುತಿಸುತ್ತದೆ. ಅಷ್ಟರ ಮಟ್ಟಿಗೆ 1987ರ ಬೀಗ ಇವತ್ತಿಗೂ ಕೆಲಸ ಮಾಡುತ್ತಿದೆ. ಬಹಳ ಜನ ಬೀಗ ಮುರಿದ ಪ್ರತಿಗಳನ್ನೇ ಆಡುತ್ತಾ ಬಂದರು. ಆಗ ಕಳ್ಳತನ ಅನ್ನಿಸಿಕೊಂಡದ್ದೇ ಈಗ ಆಟವನ್ನು ಉಳಿಸಿತು ಅನ್ನುವುದನ್ನು ನಾನು ಬಚ್ಚಿಡುವುದಿಲ್ಲ. ಆದರೆ ಮುರಿದ ಪ್ರತಿಯಲ್ಲಿ ಮೂಲದವರು ಬರೆದದ್ದು ಹಾಗೇ ಇರುವುದಿಲ್ಲ. ಯಾರೋ ತಿದ್ದಿದ್ದು ಇರುತ್ತದೆ.

ಪರಿಹಾರ ಬಂದದ್ದು ಕೆಳಗಿನಿಂದ. ಕ್ರಯೋಫ್ಲಕ್ಸ್‌ನಂಥ ಬೋರ್ಡುಗಳು ಸೊನ್ನೆ-ಒಂದುಗಳ ಗೋಜಿಗೇ ಹೋಗುವುದಿಲ್ಲ. ಹೆಡ್ಡಿನಿಂದ ಬರುವ ಮಿಡಿತಗಳ ನಡುವಿನ ಹೊತ್ತನ್ನೇ ಅಳೆದು ಬರೆದಿಡುತ್ತವೆ, ಸುಮಾರು 40 ನ್ಯಾನೊಸೆಕೆಂಡಿನಷ್ಟು ಸೂಕ್ಷ್ಮವಾಗಿ. 5 ಮೈಕ್ರೋಸೆಕೆಂಡ್ ಇದ್ದರೆ 5 ಎಂದೇ ಬರೆದುಕೊಳ್ಳುತ್ತವೆ, ದುಂಡು ಮಾಡುವುದಿಲ್ಲ. ಎಸ್‌ಟಿಯ ಲೋಕದಲ್ಲಿ ಜಾರ್ಜ್ ಕ್ವಿಕ್ ಎಂಬವರು ಪಾಸ್ತಿ ಎಂಬ ಸಾಧನ ಮಾಡಿದರು. ಅದರ ಫೈಲಿನ ಬಗೆಗೆ ಎಸ್‌ಟಿಎಕ್ಸ್ ಎಂದು ಹೆಸರು. ಸೆಕ್ಟರಿನ ಬೈಟುಗಳ ಜೊತೆಗೆ ಅದರಲ್ಲಿ ಇನ್ನೊಂದು ಪಟ್ಟಿಯೂ ಇರುತ್ತದೆ. ಯಾವ ಬಿಟ್ಟು ಗಟ್ಟಿ, ಯಾವ ಬಿಟ್ಟು ಗೋಡೆಯ ಮೇಲಿನದು ಎಂದು ಗುರುತು ಮಾಡಿದ ಪಟ್ಟಿ.

ಹಟಾರಿ ಎಂಬ ಎಮ್ಯುಲೇಟರ್ ಈ ಫೈಲನ್ನು ಓದುವ ಜಾಗವನ್ನು ಅದರ ಸೋರ್ಸ್ ಕೋಡಿನಲ್ಲಿ ಹುಡುಕಿ ನೋಡಿದ್ದೇನೆ. ಕೆಲಸ ಮುಗಿಯುವುದು ಒಂದೇ ಸಾಲಿನಲ್ಲಿ. ಗಟ್ಟಿ ಬಿಟ್ಟುಗಳನ್ನು ಫೈಲಿನಿಂದ ತೆಗೆದುಕೋ. ಉಳಿದವಕ್ಕೆ ಯಾವುದೋ ಒಂದು ಸಂಖ್ಯೆ ಹುಟ್ಟಿಸಿ ಅದರಿಂದ ತುಂಬು. ಈಗ ಮೋಟಾರು ಇಲ್ಲ, ಹೆಡ್ಡು ಇಲ್ಲ, ಕಾಂತೀಯ ಲೇಪವೂ ಇಲ್ಲ. ಆ ಸಾಲು ಪ್ರತಿ ಓದಿಗೂ ಒಂದು ಬಿಟ್ಟನ್ನು ಚಿಮ್ಮಿ ನೋಡುತ್ತದೆ. ಒಮ್ಮೆ 104, ಇನ್ನೊಮ್ಮೆ 232. ಆಟ ಎರಡನ್ನೂ ಹೋಲಿಸುತ್ತದೆ. ಉತ್ತರ ಬದಲಾಯಿತು, ಫ್ಲಾಪಿ ಅಸಲಿ ಎಂದುಕೊಂಡು ಮುಂದೆ ಬಿಡುತ್ತದೆ. ಸುರಂಗದ ಮೊದಲ ಬಾಗಿಲು ಕಾಣುತ್ತದೆ, ಅದರ ಆಚೆ ಗೋಡೆಯ ಮೇಲೆ ಕನ್ನಡಿಗಳು.